ಸೊನ್ನೆ ಪಾಯಿಂಟ್ ಒಂಬತ್ತು

ಹುಡುಗಿಯನ್ನು ಸುಮಾ ಅನ್ನೋಣ. ಹೆಸರು, ಗುರುತು ಬದಲಿಸಿದ್ದೇನೆ. ಮನೆ ಮುಂಬಯಿ ಹತ್ತಿರದ ಡೊಂಬಿವಲಿ, ಊರು ಕುಂದಾಪುರದ ಕಡೆ. ಅಪ್ಪ ದಾದರ್ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ.

ನಿದ್ದೆ ಇಲ್ಲ, ಲೋಕಲ್ ರೈಲು ಹತ್ತಿದರೆ ಎದೆ ಡವಡವ ಅನ್ನುತ್ತೆ ಅಂತ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದಳು. ಐದು ಸೆಮಿಸ್ಟರಿನ ಸರಾಸರಿ 74.1. ಡಿಗ್ರಿಯ ನಾಲ್ಕನೇ ವರ್ಷ ಸಂಶೋಧನೆ ಸಹಿತ ಆನರ್ಸ್‌ಗೆ ಸೇರಲು ಮೊದಲ ಆರು ಸೆಮಿಸ್ಟರಿನಲ್ಲಿ 75 ಪರ್ಸೆಂಟ್ ಬೇಕು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2022ರಲ್ಲಿ ತಂದ ಚೌಕಟ್ಟಿನಲ್ಲೇ ಹಾಗಿದೆ. ಅಪ್ಪ ಆಗಲೇ ಊರವರ ಸಂಘದಲ್ಲಿ ಎಲ್ಲರಿಗೂ 'ಮಗಳು ರಿಸರ್ಚ್ ಮಾಡ್ತಾಳೆ' ಅಂತ ಸಾರಿಬಿಟ್ಟಿದ್ದರು.

ಮೊದಲ ದಿನ ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಸುಮ್ನೆ ದಂಡ. ಮುಂದಿನ ವಾರ ಅವಳು ಮೊಬೈಲ್ ತೆಗೆದು ಒಂದು ಪಟ್ಟಿ ತೋರಿಸಿದಳು: ಪ್ರತಿ ಪೇಪರಿನ ಇಂಟರ್ನಲ್, ಎಲ್ಲೆಲ್ಲಿ ಒಂದು, ಎಲ್ಲೆಲ್ಲಿ ಎರಡು ಮಾರ್ಕ್ಸ್ ತಪ್ಪಿತು ಅಂತ ಕೆಂಪು ಚುಕ್ಕಿ, ರಾತ್ರಿ ಎರಡು ಗಂಟೆಗೆ ಕೂತು ಹಾಕಿದ್ದು.

ಪೆನ್ನು ಕೊಟ್ಟೆ, 'ಲೆಕ್ಕ ಮಾಡು ಮಗಾ' ಅಂದೆ. ಆರಕ್ಕೆ 75ರಂತೆ 450. ಕೈಯಲ್ಲಿರೋದು 370.5. ಉಳಿದ ಒಂದೇ ಸೆಮಿಸ್ಟರಿನಲ್ಲಿ 79.5 ಬರಬೇಕು. ಅವಳ ಈವರೆಗಿನ ಅತಿ ಹೆಚ್ಚು 77. ಕಷ್ಟ, ಆದರೆ ಆಗದ ಮಾತಲ್ಲ.

'ಬರದಿದ್ರೆ ಆನರ್ಸೇ ಇಲ್ವಲ್ಲ ಮೇಡಂ.'

ಇಲ್ಲೇ ಎಡವಿದ್ದಳು. ಸಂಶೋಧನೆ ಇಲ್ಲದ ಬರೀ ಆನರ್ಸ್‌ಗೆ ಈ 75ರ ಗೆರೆ ಇಲ್ಲ. 12 ಕ್ರೆಡಿಟ್‌ನ (ಕ್ರೆಡಿಟ್ ಅಂದರೆ ಪ್ರತಿ ಪೇಪರಿನ ಭಾರದ ಲೆಕ್ಕ) ಸಂಶೋಧನಾ ಪ್ರಾಜೆಕ್ಟಿನ ಬದಲು ಅಷ್ಟೇ ಕ್ರೆಡಿಟ್‌ಗೆ ಮೂರು ಪೇಪರ್ ಓದಬೇಕು, ಅಷ್ಟೇ. ಮುಂದೆ ಪಿಎಚ್‌ಡಿ ಬೇಕೆನಿಸಿದರೆ ಒಂದು ವರ್ಷದ ಎಂಎ ಮಾಡಿಕೊಂಡು ಹೋಗಬಹುದು.

ಆಮೇಲೆ ಐದೂ ಮಾರ್ಕ್ಸ್‌ಶೀಟ್ ಮೇಜಿನ ಮೇಲೆ ಸಾಲಾಗಿ ಇಡಿಸಿ ಕ್ರೆಡಿಟ್ ಕೂಡಿಸಿದೆವು. ಅವಳ ಕಾಲೇಜಿನಲ್ಲಿ ಸೆಮಿಸ್ಟರಿಗೆ 22, ಅಂದರೆ 110 ಬರಬೇಕು. 108 ಬಂತು. ಇನ್ನೊಮ್ಮೆ ಕೂಡಿಸಿದಳು. 108. ಮೂರನೇ ಸೆಮಿಸ್ಟರಿನಲ್ಲಿ ಟೈಫಾಯ್ಡ್ ಬಂದಾಗ ಬಿಟ್ಟ ಫೀಲ್ಡ್ ಪ್ರಾಜೆಕ್ಟ್, 'ಆಮೇಲೆ ನೋಡೋಣ' ಅಂತ ಹಾಗೇ ಉಳಿದಿತ್ತು. ಈ ಎರಡು ಕ್ರೆಡಿಟ್ ತುಂಬದಿದ್ದರೆ ಆನರ್ಸ್ ಇರಲಿ, ಮೂರು ವರ್ಷದ ಡಿಗ್ರಿಯೇ ಕೈಗೆ ಬರಲ್ಲ. ಸೊನ್ನೆ ಪಾಯಿಂಟ್ ಒಂಬತ್ತಕ್ಕೆ ಅಳುತ್ತಿದ್ದವಳು ಇದನ್ನು ನೋಡಿ ಅಳಲಿಲ್ಲ, ಬೆವರಿದಳು. ನನಗೆ ಅದೇ ಒಳ್ಳೆಯದು ಅನಿಸಿತು, ಯಾಕಂದರೆ ಇದಕ್ಕೆ ನಾಳೆಯೇ ಮಾಡೋ ಕೆಲಸ ಇತ್ತು.

ಹೇಳಿದ್ದು ಇಷ್ಟು. ಬೆಳಗ್ಗೆ ಪರೀಕ್ಷಾ ವಿಭಾಗಕ್ಕೆ ಹೋಗು, ಬಾಯಿಮಾತು ಬೇಡ, ಅರ್ಜಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಇನ್‌ವರ್ಡ್ ಶಿಕ್ಕಾ, ಅಂದರೆ ಅರ್ಜಿ ತಲುಪಿತು ಅನ್ನೋ ಮೊಹರು, ಹಾಕಿಸಿಕೋ. ಕೆಂಪು ಚುಕ್ಕಿಯ ಪಟ್ಟಿ ಅಳಿಸು. ಅಪ್ಪನಿಗೆ ರಿಸಲ್ಟ್ ಬರೋ ಮೊದಲೇ ಹೇಳು, ಅವರಿಗೆ ರಜೆ ಇರೋ ದಿನ, ನೆಂಟರು ಯಾರೂ ಇಲ್ಲದಾಗ. ಪಟ್ಟಿಯನ್ನು ನನ್ನೆದುರೇ ಅಳಿಸಲು ಮನಸ್ಸು ಬರಲಿಲ್ಲ, 'ಮನೆಗೆ ಹೋಗಿ ಮಾಡ್ತೇನೆ' ಅಂದಳು. ಒತ್ತಾಯ ಮಾಡಲಿಲ್ಲ.

ಎರಡು ವಾರದ ಮೇಲೆ ಅಪ್ಪನೇ ಜೊತೆಗೆ ಬಂದರು. ಕಾಲೇಜು ಆ ಪ್ರಾಜೆಕ್ಟನ್ನು ಈ ಸೆಮಿಸ್ಟರಿನಲ್ಲೇ ಮುಗಿಸಲು ಒಪ್ಪಿತ್ತು. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು, ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲಿ ನಿಂತು ಕೇಳಿದರು: 'ಎಂತಾದ್ರೂ ಸಂಘದಲ್ಲಿ ಆನರ್ಸ್ ಅಂತ ಹೇಳ್ಲಕ್ಕಲ್ದಾ ಮೇಡಂ?'

ಹೇಳಬಹುದು ಅಂದೆ.