ಸದ್ದಾಂಗೂ ವಕೀಲರು ಬೇಕಿತ್ತೇ?

ಪತ್ರ: “ಸದ್ದಾಂ ಹುಸೇನ್ ವಿಚಾರಣೆ ಸರಿಯಾಗಿ ನಡೆಯಲಿಲ್ಲ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಸಾವಿರಾರು ಜನರನ್ನು ಕೊಲ್ಲಿಸಿದವನಿಗೆ ವಕೀಲರು ಯಾಕೆ? ಮೇಲ್ಮನವಿ ಯಾಕೆ? ಸಿಕ್ಕ ದಿನವೇ ಮುಗಿಸಬೇಕಿತ್ತು. ಅವನೇನು ಸತ್ತವರಿಗೆ ವಕೀಲರನ್ನು ಕೊಟ್ಟಿದ್ದನೇ?” — ಹಾಸನದ ಓದುಗರು

ನಮಸ್ಕಾರ. ನಿಮ್ಮ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ. ಆದರೆ ನಿಮ್ಮ ಕೊನೆಯ ಸಾಲನ್ನು ಎರಡೆರಡು ಸಲ ಓದಿದೆ. ಯಾಕೆಂದರೆ ಇರಾಕಿನ ಸರ್ವಾಧಿಕಾರಿಯಾಗಿದ್ದ ಸದ್ದಾಂ ಗಲ್ಲಿಗೇರಿದ ಕೇಸು ಇರುವುದೇ ಆ ಸಾಲಿನಲ್ಲಿ.

ದುಜೈಲ್ ಎಂಬುದು ಬಾಗ್ದಾದಿನ ಉತ್ತರಕ್ಕಿರುವ ಊರು. 1982ರ ಜುಲೈ 8ರಂದು ಸದ್ದಾಂ ಅಲ್ಲಿಗೆ ಹೋದಾಗ ಅವನ ಕಾರುಗಳ ಮೇಲೆ ಗುಂಡು ಹಾರಿತು. ಅವನಿಗೇನೂ ಆಗಲಿಲ್ಲ. ಆಮೇಲೆ ಹೆಂಗಸರು, ಮಕ್ಕಳು ಅಂತ ನೋಡದೆ ಊರಿನ ನೂರಾರು ಜನರನ್ನು ಎಳೆದೊಯ್ದರು. ಖರ್ಜೂರದ ತೋಟಗಳನ್ನು ನೆಲಸಮ ಮಾಡಿದರು. 1984ರಲ್ಲಿ ಸದ್ದಾಂ ಸರ್ಕಾರದ ಕ್ರಾಂತಿಕಾರಿ ನ್ಯಾಯಾಲಯದ ನ್ಯಾಯಾಧೀಶ ಅವಾದ್ ಅಲ್ ಬಂದರ್ 148 ಮಂದಿಗೆ ಒಟ್ಟಿಗೇ ಮರಣದಂಡನೆ ಬರೆದ. ಅವರಲ್ಲಿ ಹದಿನೆಂಟು ತುಂಬದ ಹುಡುಗರಿದ್ದರು. ಕೆಲವರಂತೂ ಅಷ್ಟು ಹೊತ್ತಿಗಾಗಲೇ ಚಿತ್ರಹಿಂಸೆಗೆ ಸತ್ತೇ ಹೋಗಿದ್ದರು. ಸತ್ತವರಿಗೂ ಗಲ್ಲು! ಆ ಕಾಗದಕ್ಕೆ ಸದ್ದಾಂ ಸಹಿ ಹಾಕಿದ.

2006ರಲ್ಲಿ ಸಾಬೀತಾದ ಅಪರಾಧ ಇದು. ಸದ್ದಾಂ ಜೊತೆ ಆ ನ್ಯಾಯಾಧೀಶನಿಗೂ ಗಲ್ಲು ಶಿಕ್ಷೆಯಾಯಿತು. ವಿಚಾರಣೆಯ ಹೆಸರಲ್ಲಿ ಸುಮ್ನೆ ಶಾಸ್ತ್ರ ಮುಗಿಸಿ ಕೊಂದರೆ ಅದು ಕೊಲೆಯೇ ಅಂತ ಕೋರ್ಟು ಹೇಳಿದ ಹಾಗಾಯಿತು, ಅಲ್ವಾ? ಹಾಗೆ ಹೇಳುವ ಕೋರ್ಟು ತಾನೂ ಶಾಸ್ತ್ರ ಮುಗಿಸಲು ಕೂತರೆ ದುಜೈಲಿನವರಿಗೆ ಏನು ನ್ಯಾಯ ಸಿಕ್ಕಿತು?

ಬಾಗ್ದಾದಿನಲ್ಲಿ ನಡೆದದ್ದೆಲ್ಲ ಬರೀ ಶಾಸ್ತ್ರ ಅಂತ ನಾನು ಹೇಳುತ್ತಿಲ್ಲ. ಮೊದಲ ದಿನ, 2005ರ ಅಕ್ಟೋಬರ್ 19ರಂದು, ನ್ಯಾಯಾಧೀಶ ರಿಜ್ಗರ್ ಅಮೀನ್ ಹೆಸರು ಕೇಳಿದರು. ಸದ್ದಾಂ ಹೇಳಲಿಲ್ಲ. ತಾನು ಇರಾಕಿನ ಅಧ್ಯಕ್ಷ ಎಂದು ವಾದಕ್ಕಿಳಿದ. ಅಮೀನ್ ದನಿ ಏರಿಸಲಿಲ್ಲ. ಮುಂದೆ ದುಜೈಲಿನ ಹೆಂಗಸರು ಪರದೆಯ ಹಿಂದೆ ಕೂತು ತಮಗಾದದ್ದನ್ನು ಹೇಳಿದರು. ಸಹಿ ಇದ್ದ ಕಾಗದವೂ ಎಲ್ಲರೆದುರು ಬಂತು. ಸಿಕ್ಕ ದಿನವೇ ಮುಗಿಸಿದ್ದರೆ ಇದರಲ್ಲಿ ಒಂದೂ ಆಗುತ್ತಿರಲಿಲ್ಲ.

ಕೆಟ್ಟದ್ದೂ ಅಲ್ಲೇ ಇತ್ತು. ಅಮೀನ್ ಮೆತ್ತಗಾದರು ಅಂತ ಅಧಿಕಾರದಲ್ಲಿದ್ದವರೇ ದೂರಿದರು. ಅವರು ಜನವರಿಯಲ್ಲಿ ರಾಜೀನಾಮೆ ಕೊಟ್ಟು ಹೋದರು. ವಿಚಾರಣೆ ಶುರುವಾದ ಮಾರನೇ ದಿನವೇ ಸಾದೂನ್ ಅಲ್ ಜನಾಬಿ ಎಂಬ ವಕೀಲರನ್ನು ಎತ್ತಿಕೊಂಡು ಹೋಗಿ ಕೊಂದರು. ಆಮೇಲೆ ಆದಿಲ್ ಅಲ್ ಜುಬೈದಿ. ಮರುವರ್ಷದ ಜೂನ್‌ನಲ್ಲಿ ಖಮೀಸ್ ಅಲ್ ಒಬೈದಿ. ಈ ಮೂವರು ಯಾರನ್ನೂ ಕೊಂದವರಲ್ಲ. ಆರೋಪಿಗಳ ಪರ ನಿಂತಿದ್ದರು, ಅಷ್ಟೇ. ‘ಅವನಿಗೆ ವಕೀಲ ಯಾಕೆ’ ಎಂಬ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

ನಮ್ಮಲ್ಲೂ ಈ ಮಾತು ಕೇಳಿದ್ದೇವೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದು ಅಂತ ವಕೀಲರ ಸಂಘ ಠರಾವು ಮಾಡಿತ್ತು. ಅವರ ಪರ ಹೋಗುವ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿ ಅಂತ ಹೈಕೋರ್ಟ್ ಹೇಳಬೇಕಾಯಿತು. ಸರ್ವಾಧಿಕಾರಿಗೂ ಆ ಹುಡುಗರಿಗೂ ಹೋಲಿಕೆಯೇ ಇಲ್ಲ, ಒಪ್ಪುತ್ತೇನೆ. ಆದರೆ ಯಾರಿಗೆ ವಕೀಲರು ಸಿಗಬೇಕು, ಯಾರಿಗೆ ಬೇಡ ಅಂತ ನಮ್ಮ ಸಿಟ್ಟು ತೀರ್ಮಾನ ಮಾಡಲು ಹೊರಟರೆ, ಅದು ಸದ್ದಾಂ ಹತ್ತಿರ ಬಂದು ನಿಲ್ಲುವುದಿಲ್ಲ. ನನ್ನ ಭಯ ಅದೇ.

ಇನ್ನು ಅವಸರದ ಮಾತು. 2006ರ ನವೆಂಬರ್ 5ಕ್ಕೆ ತೀರ್ಪು, ಡಿಸೆಂಬರ್ 26ಕ್ಕೆ ಮೇಲ್ಮನವಿ ವಜಾ, 30ರ ಬೆಳಗಿನ ಜಾವ ಗಲ್ಲು. ಇರಾಕಿನ ಸುನ್ನಿಗಳಿಗೆ ಅಂದು ಬಕ್ರೀದ್. ನೇಣಿನ ಕೆಳಗೆ ನಿಂತವರು ಅವನನ್ನು ಹೀಯಾಳಿಸಿದ್ದು ಮೊಬೈಲ್ ವಿಡಿಯೊದಲ್ಲಿ ಊರೂರಿಗೆ ಹೋಯಿತು. ಸದ್ದಾಂ ಸುನ್ನಿ, ದುಜೈಲಿನವರು ಹೆಚ್ಚಾಗಿ ಶಿಯಾಗಳು. 148 ಜನರ ಕೇಸು ಜನರ ಕಣ್ಣಿಗೆ ಪಂಗಡದ ಸೇಡಿನಂತೆ ಕಂಡಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಕುರ್ದರ ಬಗ್ಗೆ. ಇರಾಕಿನ ಉತ್ತರದಲ್ಲಿರುವ ಈ ಜನರ ಮೇಲೆ ಸದ್ದಾಂ ಸೇನೆ ನಡೆಸಿದ 1988ರ ಅನ್ಫಾಲ್ ಕಾರ್ಯಾಚರಣೆಯಲ್ಲಿ ಹತ್ತಾರು ಸಾವಿರ ಜನ ಸತ್ತರು. ಆ ಕೇಸಿನ ವಿಚಾರಣೆ 2006ರ ಆಗಸ್ಟ್‌ನಲ್ಲಷ್ಟೇ ಶುರುವಾಗಿತ್ತು. ಸದ್ದಾಂ ಅಲ್ಲಿ ಮುಖ್ಯ ಆರೋಪಿ. ಗಲ್ಲಾದ ಮೇಲೆ, 2007ರ ಜನವರಿ 8ರಂದು ಕೋರ್ಟು ಮತ್ತೆ ಸೇರಿದಾಗ ಅವನ ಕುರ್ಚಿ ಖಾಲಿ ಇತ್ತು. ಅವನ ಮೇಲಿದ್ದ ನರಮೇಧದ ಆರೋಪವನ್ನು ಅಂದೇ ಕೈಬಿಟ್ಟರು.