ಡಿಎನ್‌ಎ ಸೆನ್ಸರ್ ಪ್ರೋಟೀನನ್ನು ಹೇಗೆ ಹಿಡಿಯುತ್ತದೆ? ಶುಗರ್ ಮೆಷಿನ್ ಥರ ಮನೆಗೆ ಯಾಕೆ ಬಂದಿಲ್ಲ?

ನಿಮ್ಮ ತಂದೆಯವರಿಗೆ ಎದೆನೋವು ಬಂದಾಗ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೇರುವ ಪ್ರೋಟೀನ್) ರಿಪೋರ್ಟಿಗಾಗಿ ಕಾದು ಕೂತಿದ್ದನ್ನು ಬರೆದಿದ್ದೀರಿ. ಶುಗರ್ ನೋಡುವ ಮೆಷಿನ್ ಮನೆಯಲ್ಲೇ ಇರುವಾಗ ಇದಕ್ಕೂ ಒಂದು ಯಾಕಿಲ್ಲ, ಡಿಎನ್‌ಎ ಸೆನ್ಸರ್ ಅಂತಾರಲ್ಲ, ಡಿಎನ್‌ಎಗೂ ಪ್ರೋಟೀನಿಗೂ ಏನು ಸಂಬಂಧ ಅಂತ ಕೇಳಿದ್ದೀರಿ. ನಾನು ಒಂದು ಲ್ಯಾಬಿನಲ್ಲಿ ಮೂರು ವರ್ಷ ಇದೇ ಕೆಲಸ ಮಾಡಿದ್ದೇನೆ.

ಇಲ್ಲಿ ಡಿಎನ್‌ಎ ಅಂದರೆ ಅಪ್ಪ ಅಮ್ಮನಿಂದ ಬಂದ ಗುಣದ ವಿಷಯ ಅಲ್ಲ. ಒಂಟಿ ಎಳೆಯ ಚಿಕ್ಕ ಡಿಎನ್‌ಎ ತುಂಡು ತನ್ನಷ್ಟಕ್ಕೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರ ಯಾವುದೋ ಒಂದು ಪ್ರೋಟೀನಿಗೆ ಸರಿಯಾಗಿ ಹೊಂದಿಕೊಂಡರೆ ಎರಡೂ ಅಂಟಿಕೊಳ್ಳುತ್ತವೆ. ಅಂಥ ತುಂಡಿಗೆ ಆಪ್ಟಮರ್ ಅನ್ನುತ್ತಾರೆ. ಲಕ್ಷ ಕೋಟಿಗಟ್ಟಲೆ ತುಂಡುಗಳನ್ನು ಪ್ರೋಟೀನಿನ ಜೊತೆ ಬೆರೆಸಿ, ಅಂಟಿದ್ದನ್ನು ಮಾತ್ರ ಉಳಿಸಿ, ಅದನ್ನೇ ಹೆಚ್ಚು ಮಾಡಿ ಮತ್ತೆ ಸೋಸುತ್ತಾ ಹೋಗುವ ವಿಧಾನ 1990ರಲ್ಲಿ ಬಂತು. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್‌ಗೆ 1992ರಲ್ಲಿ ಸಿಕ್ಕ ಆಪ್ಟಮರ್ ಬರೀ 15 ಅಕ್ಷರದ್ದು, ಅಂದರೆ ಎಳೆಯಲ್ಲಿ ಪೋಣಿಸಿದ 15 ಘಟಕಗಳದ್ದು!

ಇನ್ನು ಕರೆಂಟಿನ ಭಾಗ. ಡಿಎನ್‌ಎಯ ಒಂದು ತುದಿಯನ್ನು ಗಂಧಕದ ಕೊಂಡಿಯಿಂದ ಚಿನ್ನದ ಎಲೆಕ್ಟ್ರೋಡಿಗೆ ಕಟ್ಟುತ್ತೇವೆ. ಇನ್ನೊಂದು ತುದಿಗೆ ಮೆಥಿಲೀನ್ ಬ್ಲೂ ಅಂಟಿಸುತ್ತೇವೆ, ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ರೋಗಕ್ಕೆ ಕೊಡುವ ಅದೇ ನೀಲಿ. ಅದು ಚಿನ್ನದ ಹತ್ತಿರ ಬಂದಾಗ ಎಲೆಕ್ಟ್ರಾನ್ ತಗೊಂಡು ಕೊಟ್ಟು ಮಾಡುತ್ತದೆ, ದೂರ ಹೋದರೆ ಆ ಕರೆಂಟ್ ಕಡಿಮೆಯಾಗುತ್ತದೆ. 2005ರಲ್ಲಿ ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ಕೆವಿನ್ ಪ್ಲಾಕ್ಸ್‌ಕೋ ಮತ್ತು ಅಲನ್ ಹೀಗರ್ ಅವರ ತಂಡ ಥ್ರಾಂಬಿನ್‌ಗೆ ಮಾಡಿದ್ದು ಇದನ್ನೇ. ಥ್ರಾಂಬಿನ್ ಬಂದು ಕೂತಿತು, ಡಿಎನ್‌ಎ ಮಡಚಿಕೊಂಡಿತು, ನೀಲಿ ದೂರ ಸರಿಯಿತು, ಕರೆಂಟ್ ಇಳಿಯಿತು. ತೊಳೆಯುವುದು ಬೇಡ, ಇನ್ನೊಂದು ರಾಸಾಯನಿಕ ಸುರಿಯುವುದೂ ಬೇಡ. ಇದು ನನಗೆ ಇವತ್ತಿಗೂ ತುಂಬಾ ಇಷ್ಟವಾದ ಐಡಿಯಾ.

ಹಾಗಾದರೆ ತೊಂದರೆ ಎಲ್ಲಿ? ಪ್ರಮಾಣದಲ್ಲಿ. ಲೀಟರ್ ರಕ್ತದಲ್ಲಿ ಗ್ಲುಕೋಸ್ ಸುಮಾರು 1 ಗ್ರಾಂ ಇರುತ್ತದೆ. ಟ್ರೋಪೋನಿನ್‌ನ ಒಂದು ಬಗೆಯಾದ ಟ್ರೋಪೋನಿನ್ ಟಿಯ ಹೊಸ ಪರೀಕ್ಷೆಗಳಲ್ಲಿ ಲೀಟರಿಗೆ 14 ನ್ಯಾನೋಗ್ರಾಂ ದಾಟಿದರೇ ಜಾಸ್ತಿ ಅನ್ನುತ್ತಾರೆ. ಅಣುಗಳನ್ನು ಎಣಿಸಿದರೆ ಒಂದು ಟ್ರೋಪೋನಿನ್‌ಗೆ ಸಾವಿರ ಕೋಟಿಗೂ ಮೀರಿ ಗ್ಲುಕೋಸ್! ಮೇಲಾಗಿ ಶುಗರ್ ಸ್ಟ್ರಿಪ್ಪಿನಲ್ಲಿ ಒಂದೊಂದು ಎಂಜೈಮ್ ಅಣುವೂ ಒಂದರ ಹಿಂದೆ ಒಂದು ಗ್ಲುಕೋಸನ್ನು ಮುಗಿಸುತ್ತಾ ಹೋಗುತ್ತದೆ, ಕರೆಂಟ್ ಸಿಗುತ್ತಲೇ ಇರುತ್ತದೆ. ಟ್ರೋಪೋನಿನ್ ಸುಮ್ನೆ ಬಂದು ಕೂರುತ್ತದೆ, ಅಷ್ಟೇ.

ಎರಡನೆಯದು ರಕ್ತ. ಉಪ್ಪುನೀರಿನ ಬಫರ್‌ನಲ್ಲಿ ನನ್ನ ಗ್ರಾಫ್ ಚಂದ ಬರುತ್ತಿತ್ತು. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿದ ಮೊದಲ ದಿನ ಕರೆಂಟ್ ಇಳಿಯತೊಡಗಿತು, ಪ್ರೋಟೀನ್ ಸಿಕ್ಕಿತು ಅಂತ ಖುಷಿಪಟ್ಟೆ. ಆಮೇಲೆ ಆ ಪ್ರೋಟೀನ್ ಬೆರೆಸದ ಸೀರಂನಲ್ಲಿ ನೋಡಿದೆ, ಅಲ್ಲೂ ಅಷ್ಟೇ ಇಳಿಯಿತು. ರಕ್ತದ ಬೇರೆ ಪ್ರೋಟೀನುಗಳು ಚಿನ್ನದ ಮೇಲೆ ಪದರ ಕಟ್ಟುತ್ತಿದ್ದವು, ಕೊಂಡಿ ಬಿಟ್ಟು ಡಿಎನ್‌ಎಯೂ ಉದುರುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಇದಕ್ಕೊಂದು ದಾರಿ ಇದೆ: ವೋಲ್ಟೇಜನ್ನು ಎರಡು ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ, ಅಂದರೆ ಬೇರೆ ಬೇರೆ ವೇಗದಲ್ಲಿ ಏರಿಳಿಸಿ, ಕರೆಂಟ್ ಅಳೆದು ವ್ಯತ್ಯಾಸ ತೆಗೆದರೆ, ಎರಡರಲ್ಲೂ ಒಂದೇ ಥರ ಆಗುವ ಇಳಿತ ಬಹುಮಟ್ಟಿಗೆ ಕಳೆದುಹೋಗುತ್ತದೆ. ನನ್ನ ಕೆಲಸ ಮುಂದೆ ಹೋಗಿದ್ದು ಅದರಿಂದಲೇ.

ಟ್ರೋಪೋನಿನ್‌ಗೆ ನನಗೆ ಜಾಸ್ತಿ ಭರವಸೆ ಇರುವುದು ಟೊರಾಂಟೊದಲ್ಲಿ ಶಾನಾ ಕೆಲ್ಲಿ ಅವರ ತಂಡ 2021ರಲ್ಲಿ ತೋರಿಸಿದ ವಿಧಾನದ ಮೇಲೆ. ಅಲ್ಲಿ ಡಿಎನ್‌ಎ ಜೋಡಿ ಎಳೆಯ ಗಟ್ಟಿ ಕಡ್ಡಿ, ತುದಿಯಲ್ಲಿ ಬೇಕಾದ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ. ಡಿಎನ್‌ಎಗೆ ಋಣ ವಿದ್ಯುತ್ ಇರುವುದರಿಂದ ಧನ ವೋಲ್ಟೇಜ್ ಕೊಟ್ಟರೆ ಕಡ್ಡಿ ಚಿನ್ನದ ಕಡೆ ಬಾಗುತ್ತದೆ. ಪ್ರೋಟೀನ್ ಹೊತ್ತಿದ್ದರೆ ನಿಧಾನವಾಗಿ ಬರುತ್ತದೆ, ಖಾಲಿ ಇದ್ದರೆ ಬೇಗ. ತಲೆಯ ಮೇಲೆ ಕೊಡ ಹೊತ್ತವರ ನಡಿಗೆ ಬೇರೆ ಇರುತ್ತದೆ ಅಲ್ವಾ, ಹಾಗೆ. ಅಳೆಯುವುದು ಆ ತಡವನ್ನು.

ಆದರೆ ಒಂದು ಮಾತು. ಮನೆಯಲ್ಲಿ ಇಂಥ ಮೆಷಿನ್ ಇದ್ದರೂ ನೋವು ಶುರುವಾದ ಮೊದಲ ಒಂದೆರಡು ಗಂಟೆಯಲ್ಲಿ ಟ್ರೋಪೋನಿನ್ ಇನ್ನೂ ಏರಿರದೆ ಇರಬಹುದು. ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆದು, ಟ್ರೋಪೋನಿನ್ ಅನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡುವುದು ಅದಕ್ಕೇ. ಹಾಗಾಗಿ ತಂದೆಯವರಿಗೆ ಮತ್ತೆ ನೋವು ಬಂದರೆ ಯಾವ ಟೆಸ್ಟಿಗೂ ಕಾಯಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.