ನೇಫಾ ಹೋಗಿ ಅರುಣಾಚಲ ಬಂತು

ಓದುಗರ ಪ್ರಶ್ನೆ. ಈ ವಾರ ಉತ್ತರಿಸಿದವರು: ಗಡಿ ರಸ್ತೆ ಸಂಸ್ಥೆಯ ನಿವೃತ್ತ ಎಂಜಿನಿಯರ್, ವಿದ್ಯಾರಣ್ಯಪುರ, ಬೆಂಗಳೂರು

ಪ್ರಶ್ನೆ: ಸಾರ್, ಕನ್ನಡ ಮಾತಾಡುವ ಜಾಗಗಳು ಸೇರಿ ನಮ್ಮ ರಾಜ್ಯ ಆಯಿತು. ಅರುಣಾಚಲದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಬುಡಕಟ್ಟುಗಳು, ಅಷ್ಟೇ ಭಾಷೆಗಳು. ಹಾಗಾದರೆ ಅದು ಯಾವ ಲೆಕ್ಕದಲ್ಲಿ ರಾಜ್ಯವಾಯಿತು? ನಮ್ಮ ಪುಸ್ತಕದಲ್ಲಿ 1987 ಅಂತ ಒಂದೇ ಸಾಲಿದೆ.
– ಪಿಯುಸಿ ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಗಡಿಯ ಲೆಕ್ಕದಲ್ಲಿ ಕಣಮ್ಮ. ಒಂದು ವಿಷಯ ಹೇಳಿದರೆ ನಿನಗೇ ಗೊತ್ತಾಗುತ್ತದೆ. 1965ರವರೆಗೆ ಆ ಪ್ರದೇಶವನ್ನು ನೋಡಿಕೊಳ್ಳುತ್ತಿದ್ದದ್ದು ದೆಹಲಿಯ ಗೃಹ ಇಲಾಖೆ ಅಲ್ಲ, ವಿದೇಶಾಂಗ ಇಲಾಖೆ! ನಮ್ಮದೇ ನೆಲ, ನಮ್ಮದೇ ಜನ, ಫೈಲು ಮಾತ್ರ ಹೊರದೇಶದ ಕಪಾಟಿನಲ್ಲಿ.

ಆಗಿನ ಹೆಸರು ನಾರ್ತ್ ಈಸ್ಟ್ ಫ್ರಾಂಟಿಯರ್ ಏಜೆನ್ಸಿ. ನಮ್ಮ ಬಾಯಲ್ಲಿ ನೇಫಾ. ಕಾಗದದ ಮೇಲೆ ಅಸ್ಸಾಮಿನ ಭಾಗ. ಆದರೆ ಅಸ್ಸಾಂ ಸರ್ಕಾರದ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ರಾಜ್ಯಪಾಲರು ರಾಷ್ಟ್ರಪತಿಗಳ ಪರವಾಗಿ ಶಿಲ್ಲಾಂಗ್‌ನಲ್ಲಿ ಕೂತು ನೋಡಿಕೊಳ್ಳುತ್ತಿದ್ದರು. ಅಲ್ಲಿಗಾಗಿಯೇ ಅಧಿಕಾರಿಗಳ ಬೇರೆ ಸೇವೆ ಇತ್ತು. ಬುಡಕಟ್ಟು ಜನರ ವಿಷಯಕ್ಕೆ ವೆರಿಯರ್ ಎಲ್ವಿನ್ ಸಲಹೆಗಾರರು. ಹೊರಗಿನವರನ್ನು ಒಮ್ಮೆಲೇ ನುಗ್ಗಿಸಬೇಡಿ, ನಿಧಾನವಾಗಿ ಹೋಗಿ ಅನ್ನುವುದು ಅವರ ಮತ್ತು ನೆಹರೂ ಅವರ ನಿಲುವು. ಜನರ ಮಟ್ಟಿಗೆ ಅದು ಸರಿಯೇ. ಆದರೆ ರಸ್ತೆಯೂ ನಿಧಾನವಾಯಿತಲ್ಲ, ಅದರ ಬೆಲೆ ಆಮೇಲೆ ತೆರಬೇಕಾಯಿತು. ಇದು ರಸ್ತೆ ಮಾಡಿದವನ ಮಾತು, ಇತಿಹಾಸದ ಮೇಷ್ಟ್ರು ಒಪ್ಪದಿದ್ದರೂ ಪರವಾಗಿಲ್ಲ.

1914ರಲ್ಲಿ ಸಿಮ್ಲಾ ಸಮ್ಮೇಳನದ ವೇಳೆ ಬ್ರಿಟಿಷ್ ಅಧಿಕಾರಿ ಮ್ಯಾಕ್‌ಮಹೋನ್ ಟಿಬೆಟ್ ಜೊತೆಗಿನ ಗಡಿಯ ಗೆರೆ ಎಳೆದರು. ಆದರೆ ತವಾಂಗ್‌ನಲ್ಲಿ ನಮ್ಮ ಆಡಳಿತ ನೆಲೆಯೂರಿದ್ದು 1951ರಲ್ಲಿ, ಮೇಜರ್ ಬಾಬ್ ಖಾತಿಂಗ್ ಅಸ್ಸಾಂ ರೈಫಲ್ಸ್ ಜವಾನರನ್ನು ಕರೆದುಕೊಂಡು ನಡೆದೇ ಹೋದ ಮೇಲೆ. 1959ರಲ್ಲಿ ಲಾಂಗ್‌ಜು ಠಾಣೆಯ ಮೇಲೆ ಚೀನೀಯರು ಗುಂಡು ಹಾರಿಸಿದರು. ಆಗ ಸೇನಾ ಮುಖ್ಯಸ್ಥರು ನಮ್ಮ ಕೊಡಗಿನ ತಿಮ್ಮಯ್ಯನವರು. ಆ ಗಡಿಯ ಕಾವಲು ಸೇನೆಯ ಕೈಗೆ ಬಂದದ್ದು ಆಮೇಲೆಯೇ. ನಮ್ಮ ಗಡಿ ರಸ್ತೆ ಸಂಸ್ಥೆ ಹುಟ್ಟಿದ್ದು 1960ರಲ್ಲಿ. ಎರಡೇ ವರ್ಷಕ್ಕೆ ಯುದ್ಧ. ತವಾಂಗ್ ಹೋಯಿತು, ಬೊಮ್ಡಿಲಾ ಹೋಯಿತು. ನವೆಂಬರ್ 21ಕ್ಕೆ ಚೀನೀಯರೇ ಕದನವಿರಾಮ ಸಾರಿ, ಆಮೇಲೆ ವಾಪಸಾದರು.

ಯುದ್ಧದ ಪೆಟ್ಟು ತಿಂದ ಮೇಲೆ ದೆಹಲಿಗೆ ಒಂದು ವಿಷಯ ತಲೆಗೆ ಹೋಯಿತು ಅನ್ನಿಸುತ್ತದೆ. ಅಲ್ಲಿ ಬರೀ ಠಾಣೆ ಇದ್ದರೆ ಸಾಲದು, ಅಲ್ಲಿಯವರದೇ ಆಡಳಿತ ಬೇಕು. 1964ರಲ್ಲಿ ಆದಿ ಜನಾಂಗದ ದಾಯಿಂಗ್ ಎರಿಂಗ್ ಅವರ ಸಮಿತಿ ಮಾಡಿದರು. ಆದಿಗಳಲ್ಲಿ 'ಕೆಬಾಂಗ್' ಅಂತ ಊರ ಪಂಚಾಯ್ತಿ ಮೊದಲಿಂದ ಇದೆ, ಇಡೀ ಊರೇ ಕೂತು ನ್ಯಾಯ ತೀರಿಸುವುದು. ಊರ ಕೂಟದ ಮೇಲೆ ಬ್ಲಾಕು, ಜಿಲ್ಲೆ, ಕೊನೆಗೆ ಇಡೀ ಏಜೆನ್ಸಿಗೆ ಒಂದು ಮಂಡಳಿ ಅಂತ ಸಮಿತಿ ಹೇಳಿತು. 1967ರಲ್ಲಿ ಕಾಯ್ದೆ ಬಂತು. ನನ್ನ ಮಟ್ಟಿಗೆ ಅರುಣಾಚಲ ಹುಟ್ಟಿದ್ದು ಅಲ್ಲಿಯೇ. ಉಳಿದದ್ದು ಮೆಟ್ಟಿಲು ಹತ್ತಿದ ಹಾಗೆ. 1972 ಜನವರಿ 20ಕ್ಕೆ ಹೊಸ ಹೆಸರು, ಕೇಂದ್ರಾಡಳಿತ ಪ್ರದೇಶ. (ಮೈಸೂರು ರಾಜ್ಯ ಕರ್ನಾಟಕವಾದದ್ದು ಅದರ ಮರುವರ್ಷ, ನೋಡು.) 1974ರಲ್ಲಿ ರಾಜಧಾನಿ ಶಿಲ್ಲಾಂಗ್‌ನಿಂದ ಇಟಾನಗರಕ್ಕೆ. 1975ರಲ್ಲಿ ವಿಧಾನಸಭೆ, 1978ರಲ್ಲಿ ಅದಕ್ಕೆ ಮೊದಲ ಚುನಾವಣೆ.

ಇನ್ನು 1987. ಆ ಚಳಿಗಾಲ ನಾನು ತವಾಂಗ್ ದಾರಿಯ ಸೇಲಾ ಪಾಸ್‌ನ ಈಚೆಗೆ ಬೈಸಾಖಿ ಕ್ಯಾಂಪಿನಲ್ಲಿದ್ದೆ. ಬೆಳಿಗ್ಗೆ ಡೋಜರ್ ಸ್ಟಾರ್ಟ್ ಆಗಬೇಕಾದರೆ ಎಂಜಿನ್ ಕೆಳಗೆ ಬೆಂಕಿ ಹಾಕಬೇಕು, ಡೀಸೆಲ್ ಅಷ್ಟು ಗಟ್ಟಿಯಾಗಿರುತ್ತಿತ್ತು. ಹಿಂದಿನ ಬೇಸಿಗೆಯಿಂದ ತವಾಂಗ್‌ನ ವಾಯವ್ಯಕ್ಕೆ ಸುಮ್ದೊರಾಂಗ್ ಚು ಕಣಿವೆಯಲ್ಲಿ ಚೀನೀ ಸೈನಿಕರು ಕೂತಿದ್ದರು. ಆಗಿನ ಸೇನಾ ಮುಖ್ಯಸ್ಥ ಜನರಲ್ ಸುಂದರ್‌ಜಿ ಹೆಲಿಕಾಪ್ಟರ್‌ನಲ್ಲಿ ಪಡೆ ಇಳಿಸಿದ್ದರು. ನಮ್ಮ ರಸ್ತೆಯಲ್ಲಿ ರಾತ್ರಿಯೆಲ್ಲ ಮಿಲಿಟರಿ ಲಾರಿಗಳು. ಇದರ ನಡುವೆಯೇ 1986ರ ಡಿಸೆಂಬರ್‌ನಲ್ಲಿ ಸಂಸತ್ತು ರಾಜ್ಯದ ಮಸೂದೆ ಪಾಸ್ ಮಾಡಿತು. ಚೀನಾ ಪ್ರತಿಭಟಿಸಿತು. ದೆಹಲಿ ಕೇಳಲಿಲ್ಲ. ಫೆಬ್ರವರಿ 20ರಂದು ಮಿಜೋರಾಂ 23ನೆಯ ರಾಜ್ಯ, ಅರುಣಾಚಲ 24ನೆಯದು.

ಸುದ್ದಿ ನಮಗೆ ರೇಡಿಯೊದಲ್ಲಿ ಬಂತು. ಸೆಂಗೆಯ ಕಡೆಯ ಒಬ್ಬ ಗಾಂವ್‌ಬುರಾ, ಅಂದರೆ ಊರ ಮುಖಂಡ, ಬುಖಾರಿಯ, ಅಂದರೆ ಚಳಿ ಕಾಯಿಸುವ ಒಲೆಯ, ಪಕ್ಕ ಕೂತಿದ್ದ. ಸರ್ಕಾರ ಕೊಟ್ಟ ಕೆಂಪು ಕೋಟು, ಮೊಣಕೈ ಹತ್ತಿರ ಹೊಲಿಗೆ ಬಿಟ್ಟಿತ್ತು. ನಮ್ಮ ಓವರ್ಸಿಯರ್ ಸಿಹಿ ಹಂಚಿ, ನಿಮ್ಮದು ಈಗ ರಾಜ್ಯ ಅಂದ. ಮುದುಕ ಹಿಂದಿಯಲ್ಲಿ ಕೇಳಿದ್ದು ಒಂದೇ: ಹೊಸ ಕೋಟು ಯಾರ ಹತ್ತಿರ ಕೇಳಬೇಕು, ಡಿಸಿ ಹತ್ತಿರವೋ ಮಂತ್ರಿ ಹತ್ತಿರವೋ?

ಪ್ರಶ್ನೆ: ಅಷ್ಟು ಕಡಿಮೆ ಜನಕ್ಕೆ ಒಂದು ರಾಜ್ಯ ಬೇಕಿತ್ತಾ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: 2011ರ ಗಣತಿಯಲ್ಲಿ ಹದಿನಾಲ್ಕು ಲಕ್ಷದೊಳಗೆ ಜನ, ನಿಜ. ವಿಸ್ತೀರ್ಣ 83,743 ಚದರ ಕಿಲೋಮೀಟರ್, ಅದನ್ನೂ ನೋಡಿ. ಪಕ್ಕದ ಕಣಿವೆಗೆ ಹೋಗಲು ಅಸ್ಸಾಮಿಗೆ ಇಳಿದು ಮತ್ತೆ ಹತ್ತಬೇಕಾಗಿದ್ದ ಊರುಗಳವು. ಬೇರೆಯವರು ದೂರದಿಂದ ಆಳಿದ್ದು ಸಾಕಾಗಿತ್ತು. ಹಾಗಂತ ದೆಹಲಿ ಪೂರ್ತಿ ಕೈ ಬಿಡಲಿಲ್ಲ. ಸಂವಿಧಾನದ 371ಎಚ್ ವಿಧಿಯಲ್ಲಿ ಕಾನೂನು ಸುವ್ಯವಸ್ಥೆಯ ವಿಶೇಷ ಹೊಣೆ ರಾಜ್ಯಪಾಲರಿಗೆ. ಮಂತ್ರಿಗಳನ್ನು ಕೇಳುತ್ತಾರೆ, ತೀರ್ಮಾನ ಮಾತ್ರ ಅವರದೇ. ನನಗೇನೋ ಇದು ಅರೆಮನಸ್ಸಿನ ಕೆಲಸ ಅನ್ನಿಸುತ್ತದೆ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ನಾನು, ನಮ್ಮ ಮನೆಯವರು ತವಾಂಗ್‌ಗೆ ಹೊರಟಿದ್ದೇವೆ. ನಮ್ಮ ದೇಶದೊಳಗೇ ಓಡಾಡಲು ಪರ್ಮಿಟ್ ಯಾಕೆ ಸಾರ್?
– ಗೃಹಿಣಿ, ಮಲ್ಲೇಶ್ವರ

ಉತ್ತರ: ಅದು 1873ರ ಬ್ರಿಟಿಷ್ ಕಾಯ್ದೆ ತಾಯಿ, ಇನ್ನೂ ನಡೆಯುತ್ತಿದೆ. ಗುಡ್ಡದ ಕೆಳಗೆ ಒಂದು ಗೆರೆ, ಅದನ್ನು ದಾಟಲು ಇನ್ನರ್ ಲೈನ್ ಪರ್ಮಿಟ್. ಈಗ ಅಲ್ಲಿಯವರಿಗೇ ಅದು ಬೇಕು, ಹೊರಗಿನವರ ಕೈಗೆ ಜಮೀನು ಹೋದೀತು ಅನ್ನುವ ಭಯ. ಆನ್‌ಲೈನ್‌ನಲ್ಲಿ ಸಿಗುತ್ತದೆ. 2024ರ ಮಾರ್ಚ್‌ನಿಂದ ಸೇಲಾ ಸುರಂಗ ತೆರೆದಿದೆ, ಪಾಸ್ ಹತ್ತದೆಯೇ ಹೋಗಬಹುದು. ಆದರೆ ಹವೆ ಚೆನ್ನಾಗಿದ್ದರೆ ಡ್ರೈವರ್‌ಗೆ ಹೇಳಿ ಹಳೇ ರಸ್ತೆಯಲ್ಲೇ ಹೋಗಿ, ಮೇಲಿನ ಕೆರೆ ನೋಡಬೇಕು. ಅಲ್ಲಿ ಓಡಬೇಡಿ, ಉಸಿರು ಕಟ್ಟುತ್ತದೆ. ಪರ್ಮಿಟ್‌ನ ನಾಲ್ಕೈದು ಜೆರಾಕ್ಸ್ ಚೀಲದ ಮೇಲೇ ಇಟ್ಟುಕೊಳ್ಳಿ, ಭಾಲುಕ್‌ಪಾಂಗ್ ಗೇಟಿನಲ್ಲೇ ಕೇಳುತ್ತಾರೆ.